ವಿಮಾನಕ್ಕೆ ಕೈ ಎತ್ತುವ ಮಾಮಾ

ನವೆಂಬರ್ ಹದಿನಾರು, ಭಾನುವಾರ, ಸಂಜೆ ಐದು ನಲವತ್ತು. ಸಿಂಧನೂರು, ನಮ್ಮ ಮಾಳಿಗೆ.

ಆಕಾಶದಲ್ಲಿ ಹಾರುವ ಪೈಲಟ್‌ಗಳೆಲ್ಲ ನನ್ನ ಸೋದರಮಾವನಿಗೆ ಖಾಸಾ ದೋಸ್ತರು. ಅವರಿಗೆ ಈ ಸಂಗತಿ ಗೊತ್ತಿಲ್ಲ, ಅಷ್ಟೇ!

ಮಾಮಾ ಮೂವತ್ತು ವರ್ಷ ಸಿಂಧನೂರು, ಮಸ್ಕಿ, ಲಿಂಗಸುಗೂರು ಬಸ್ಸು ಓಡಿಸಿದವರು. ಎದುರಿಗೆ ಬಸ್ಸು ಬಂದರೆ ಸ್ಟೇರಿಂಗಿನಿಂದ ಒಂದು ಕೈ ಎತ್ತುವುದು ಡ್ರೈವರುಗಳ ಪದ್ಧತಿ. ನಿವೃತ್ತರಾದವರಿಗೆ ಎದುರಿಗೆ ಬರುವುದೇನು? ವಿಮಾನ! ದಿನಾ ಸಂಜೆ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು, ಗದ್ದೆಗಳ ಮೇಲೆ ಬಿಳಿ ಗೆರೆ ಎಳೆಯುತ್ತ ತೇಲಿಹೋಗುವ ಒಂದೊಂದಕ್ಕೂ ಕೈ ಎತ್ತುತ್ತಾರೆ. ಈ ತಿಂಗಳು ನನ್ನ ಡೈರಿಯ ಲೆಕ್ಕ: ಎತ್ತಿದ ಕೈ ನಲವತ್ತೊಂದು, ಮೇಲಿನಿಂದ ಉತ್ತರ ಸೊನ್ನೆ.

ತಾನಾಗಿ ನಡೆಯುವ ಯಾವುದನ್ನೂ ಅವರು ನಂಬುವುದಿಲ್ಲ. ವಾಷಿಂಗ್ ಮಷೀನ್ ಬಂದ ದಿನ ಅದರ ಮುಂದೆ ಸ್ಟೂಲು ಹಾಕಿ ಐವತ್ತೆರಡು ನಿಮಿಷ ಕೂತರು.

"ಏಳ್ರೀ, ಅದು ತಾನ ತೊಳೀತೈತಿ," ಅಂದಳು ಅತ್ತಿ.

"ಡ್ರೈವರ್ ಇಲ್ಲದ ಗಾಡಿ ಬಿಟ್ಟು ಹೆಂಗ ಹೋಗ್ಲಿ?"

"ಹಂಗಾದ್ರ ಕಂಡಕ್ಟರನಂಗ ಸೀಟಿನೂ ಹೊಡೀರಿ, ಅಂಗಿ ಚಡ್ಡಿ ಇಳಕೊಳ್ಳಲಿ!"

ಮೊನ್ನೆ ಪೇಪರಿನಲ್ಲಿ, ಮುಂದೊಂದು ದಿನ ಜನ ಪೈಲಟ್ ಇಲ್ಲದ ವಿಮಾನದಲ್ಲೇ ಓಡಾಡಬಹುದು ಎಂದು ಓದಿದರು. ಅದೇ ವಾರ ನನಗೆ ಗೋವಾದಲ್ಲಿ ಕೆಲಸದ ತರಬೇತಿ ನಿಗದಿಯಾಯಿತು. ಡಿಸೆಂಬರಿನಲ್ಲಿ ಹೈದರಾಬಾದಿನಿಂದ ಗೋವಾಕ್ಕೆ, ಮೊದಲ ಸಲ ವಿಮಾನದಲ್ಲಿ! ಎರಡು ದಿನ ಮಾಮಾಗೆ ಊಟ ಸೇರಲಿಲ್ಲ. ಇವತ್ತು ಇಲ್ಲಿ ಕುರ್ಚಿಯಲ್ಲಿ ಕೂತವರೇ ಕೇಳಿದರು:

"ಯವ್ವಾ, ನಿನ್ನ ಗಾಡ್ಯಾಗ ಡ್ರೈವರ್ ಅದಾನಿಲ್ಲೋ?"

"ಇಬ್ಬರು ಅದಾರ, ಮಾಮಾ. ನಾಳೆ ಇಲ್ಲದಿದ್ರೂ ಏನಾತು? ಮಷೀನಿಗೆ ನಿದ್ದಿ ಬರಂಗಿಲ್ಲ. ನಿಮಗಿಂತ ಛಲೋ!"

ನಗುತ್ತಾರೆಂದುಕೊಂಡೆ. ಅವರು ಆಕಾಶ ನೋಡುತ್ತ ಹೇಳಿದರು:

"ಒಮ್ಮೆ ನಸುಕಿನ್ಯಾಗ, ಮಸ್ಕಿ ದಾಟಿದ ಮ್ಯಾಲ, ನನಗ ಜೊಂಪು ಹತ್ತಿತ್ತು. ಎದುರಿನ ಬಸ್ಸಿನಾವ ಕೈ ಎತ್ಯಾನ, ನಾ ತಿರುಗಿ ಎತ್ತಲಿಲ್ಲ. ಅಷ್ಟಕ್ಕ ಅವಂಗ ತಿಳೀತು, ಹಾರ್ನ್ ಒತ್ತೇ ಒತ್ತಿದ. ಕಣ್ಣು ಬಿಟ್ಟೆ. ಹಿಂದ ಐವತ್ತು ಮಂದಿ ಮಲಗಿದ್ರು. ಕೈ ಎತ್ತೋದು ನಮಸ್ಕಾರ ಅಲ್ಲಬೇ, 'ಎಚ್ಚರ ಅದಿಯೇನಪಾ' ಅಂತ ಕೇಳೋದು. ಮಷೀನಿಗೆ ನಿದ್ದಿ ಬರಂಗಿಲ್ಲ, ಖರೆ. ಎದುರಿನಾವ ಮಲಗ್ಯಾನಂತ ಅದಕ್ಕ ಚಿಂತಿ ಆಗತೈತೇನು?"

ನಲವತ್ತೊಂದು ಸಲ ಅವರು ಕಂಡರಿಯದವರ ಎಚ್ಚರ ಕೇಳಿದ್ದರು. ನಾನು ಪಕ್ಕದಲ್ಲೇ ಕೂತು ಸೊನ್ನೆ ಬರೆಯುತ್ತಿದ್ದೆ!

ಈಗಷ್ಟೇ ನಲವತ್ತೆರಡನೆಯದು ಹೋಯಿತು. ಇಬ್ಬರೂ ಕೈ ಎತ್ತಿದೆವು.

ಡಿಸೆಂಬರಿನಲ್ಲಿ ನನ್ನ ವಿಮಾನ ಹಾರುವ ಸಂಜೆಯೂ ಮಾಮಾ ಇದೇ ಕುರ್ಚಿಯಲ್ಲಿ ಇರುತ್ತಾರೆ. ಆವತ್ತು ಉತ್ತರದ ಸಾಲಿನಲ್ಲಿ ನಾನು 'ಒಂದು' ಎಂದು ಬರೆಯಬೇಕು. ಗೋವಾದ ವಿಮಾನ ನಮ್ಮ ಸೀಮೆಯ ಮೇಲೆ ಹಾಯುತ್ತದೆಯೇ? ಹಾಯ್ದರೆ ಸಿಂಧನೂರು ಎಡಗಡೆ ಕಿಟಕಿಗೋ, ಬಲಗಡೆಗೋ? ಗೊತ್ತಿದ್ದವರು ಬೇಗ ಬರೆದು ತಿಳಿಸಿ. ಯಾವ ಕೈ ಎತ್ತಬೇಕೆಂದು ನಾನು ಮೊದಲೇ ತಿಳಿದಿರಬೇಕು.