ಜೂನ್ ಒಂದರ ‘ಇತರರು’

ಬೆಳಗಿನ ಕಾಫಿಗೆ ಮೊದಲೇ ಇತಿಹಾಸ ಕಲಿಸಲು ಬರುವವರನ್ನು ನಾನು ಕ್ಷಮಿಸಲಾರೆ. ನನ್ನ ಮೈದುನ ಶರಣಪ್ಪ ಅಂಥವನು. ಸಂಡೂರಿನ ಅದಿರು ಲಾರಿಗಳ ವ್ಯವಹಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಮೇಲೆ ಅವನಿಗೆ ಉಳಿದಿರುವ ಉದ್ಯೋಗ ಒಂದೇ: ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ‘ಇಂದಿನ ದಿನ ವಿಶೇಷ’ ಹಾಕುವುದು. ಯಾವುದೋ ದೇಶದಲ್ಲಿ ದೊರೆಗೆ ಪಟ್ಟವಾಯಿತು, ಯಾವುದೋ ಸಮುದ್ರದಲ್ಲಿ ಹಡಗು ಮುಳುಗಿತು, ಯಾವನೋ ಬೌಲರ್ ಹುಟ್ಟಿದ. ಕೆಳಗೊಂದು ಗುಲಾಬಿ ಹೂವು. ಹಡಗು ಮುಳುಗಿದ್ದಕ್ಕೂ ಅದೇ ಗುಲಾಬಿ! ಹಂಪಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು, ನೆಂಟರು ಬಂದಾಗ ಮಾತ್ರ ಹೋಗಿ, ಕಾರು ನಿಲ್ಲಿಸಿದಲ್ಲೇ ಮಿರ್ಚಿ ತಿಂದು ಬರುವ ಮನುಷ್ಯನಿಗೆ ಹಿಸ್ಟರಿಯ ಹುಚ್ಚು! ನಮ್ಮ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಓದಬಾರದು ಎನ್ನುತ್ತಲೇ ದಿನಾ ಓದುತ್ತೇನೆ. ಏಕೆಂದರೆ ಕಡೆಯ ಸಾಲಿನಲ್ಲಿ ಅವನು ನಮ್ಮವರ ಹುಟ್ಟುಹಬ್ಬಗಳನ್ನೂ ಸೇರಿಸುತ್ತಾನೆ. ಅವನ ಬೀಗರ ಮೊಮ್ಮಗನಿಗೂ ಮಹಾರಾಜರ ಪಕ್ಕ ಜಾಗ ಸಿಕ್ಕಿತ್ತು, ಫೋಟೋ ಸಮೇತ. ನನ್ನವರು ಹೋದ ಮೇಲೆ ನನಗೆ ‘ಹ್ಯಾಪಿ ಬರ್ತ್‌ಡೇ’ ಎನ್ನುವುದು ಬ್ಯಾಂಕಿನ ಮೆಸೇಜ್ ಒಂದೇ. ಈ ಸಲ ನನ್ನದೂ ಒಂದು ಸಾಲು ಬಂದೀತೆಂದು ಕಾದೆ. ಹಿಂದಿನ ವಾರವೇ, ಒಳ್ಳೆಯ ಸೀರೆ ಉಟ್ಟ ಫೋಟೋವೊಂದನ್ನು ಸುಮ್ಮನೆ ಎಂಬಂತೆ ಗ್ರೂಪಿಗೆ ಹಾಕಿಯೂ ಇದ್ದೆ.

ಜೂನ್ ಒಂದು ಬಂತು. ದೊರೆ, ಹಡಗು, ಸಿನಿಮಾ ನಟಿ. ಕಡೆಗೆ, ‘ಹುಟ್ಟುಹಬ್ಬದ ಶುಭಾಶಯಗಳು: ಶಿವಮ್ಮ, ಬಸಣ್ಣ, ನಮ್ಮ ಲಾರಿ ಡ್ರೈವರ್ ಮಾಬು ಮತ್ತು ಇತರರು.’

ಇತರರು! ಕೂಡಲೇ ಫೋನ್ ಮಾಡಿದೆ. “ಶರಣಪ್ಪ, ನಾ ಇತರರೊಳಗ ಬಂದ್ನೇನೋ? ಮ್ಯಾನರ್ಸ್ ಅನ್ನೋದೈತೇನ್ ನಿನಗ?”

“ಸಿಟ್ಟಾಗಬ್ಯಾಡ್ರಿ ಅತ್ತಿಗಿ. ಜೂನ್ ಒಂದಕ್ಕ ಅರ್ಧ ತಾಲೂಕ ಹುಟ್ಟೈತಿ. ಎಲ್ಲಾರ್ನೂ ಹಾಕಿದ್ರ ಫೋನ್ ಸತ್ತ ಹೋಗ್ತೈತಿ. ನಿಮ್ದು ಖರೇ ಹುಟ್ಟಿದ ದಿನ ಹೇಳ್ರಿ, ಮಸ್ತ್ ಫೋಟೋ ಹಾಕ್ತೀನಿ.”

ಖರೇ ದಿನ ನನಗೇ ಗೊತ್ತಿಲ್ಲ. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳನ್ನೆಲ್ಲ ನಮ್ಮ ಕಡೆಯ ಶಾಲೆಗಳು ಜೂನ್ ಒಂದಕ್ಕೇ ಹುಟ್ಟಿಸುತ್ತಿದ್ದವು. ಕಾನ್ವೆಂಟಿನವರೂ ಅದನ್ನೇ ಮಾಡಿದರು, ಇಂಗ್ಲಿಷಿನಲ್ಲಿ. ಅವ್ವನ ಲೆಕ್ಕವೇ ಬೇರೆ: “ಕಂಪ್ಲಿ ಕಾಲುವಿಗೆ ಡ್ಯಾಮಿನ ನೀರು ಮೊದಲ್ನೇ ಸಲ ಬಂತಲ್ಲ, ಅವತ್ತು ಹುಟ್ಟಿದಿ. ಊರಿಗೆ ಊರೇ ನೀರ್ ನೋಡಾಕ ಓಡಿತ್ತು. ಸೂಲಗಿತ್ತಿನೂ ಓಡಿದ್ಲು, ಹಾಳಾದಾಕಿ!” ಹೀಗಾಗಿ ನನ್ನ ಆಗಮನಕ್ಕೆ ಸಾಕ್ಷಿಯಾದದ್ದು ಹಿತ್ತಲಿನ ಎಮ್ಮೆ ಮಾತ್ರ.

ಅದನ್ನೇ ಹೇಳಿದೆ. ಶರಣಪ್ಪ ಕುಣಿದಾಡಿಬಿಟ್ಟ. “ಅಬಬಾ! ಇದು ನೋಡ್ರಿ ಅತ್ತಿಗಿ, ಹಿಸ್ಟರಿ ಅಂದ್ರ! ತಾರೀಖು ಹುಡುಕೋದು ನನಗ ಬಿಡ್ರಿ.”

ಹುಡುಕಿದ. ಮೊನ್ನೆ ಬೆಳಿಗ್ಗೆ ಗ್ರೂಪಿನಲ್ಲಿ ಬಂತು: ‘ಇಂದಿನ ದಿನ ವಿಶೇಷ: ನಮ್ಮ ಕಾಲುವೆಗೆ ಮೊದಲ ನೀರು ಬಂದ ದಿನ.’ ಎಲ್ಲಿಂದಲೋ ತಂದ ಹಳೆಯ ಫೋಟೋ, ಕೆಳಗೆ ಗುಲಾಬಿ. ಅಷ್ಟೆ. ನನ್ನ ಹೆಸರಿಲ್ಲ, ‘ಇತರರು’ ಕೂಡ ಇಲ್ಲ! ಎಲ್ಲರೂ ಕೈ ಮುಗಿದರು, ಚಪ್ಪಾಳೆ ತಟ್ಟಿದರು. ಎರಡನೆಯ ಸಲವೂ ಊರಿಗೆ ಊರೇ ನೀರು ನೋಡಲು ಓಡಿತು.

‘ನಾನ್‌ಸೆನ್ಸ್’ ಎಂದು ಫೋನ್ ಮಗುಚಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿಕೊಂಡು, ಕನ್ನಡಕ ಏರಿಸಿ, ಫೋಟೋ ಹಿಗ್ಗಿಸಿದೆ. ಕಾಲುವೆ ದಂಡೆಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ನಿಂತಿದ್ದಾಳೆ. ಸೂಲಗಿತ್ತಿಯೇ ಇರಬೇಕು; ಬಸುರಿಯನ್ನು ಬಿಟ್ಟು ಬಂದ ಗಾಬರಿ ಮುಖದಲ್ಲಿ ಕಿಂಚಿತ್ತೂ ಇಲ್ಲ. ಅವಳಿಗೆ ನಾಲ್ಕು ಮಾತು ಬೈಯೋಣವೆಂದು ಕುಳಿತವಳು, ಕಾಫಿ ಆರುವವರೆಗೂ ಅವಳ ಜೊತೆ ನೀರನ್ನೇ ನೋಡುತ್ತಿದ್ದೆ.