ದಂಟಿನ ಸೊಪ್ಪು ಮತ್ತು ನೇರಳೆ ದೀಪ

ಕಣ್ಣಿಗೆ ಕಾಣುವ ಇಲಿ, ಜಿರಲೆಗಳ ಜೊತೆ ಮನುಷ್ಯ ಹೇಗೋ ಹೊಂದಿಕೊಂಡು ಬಾಳುತ್ತಾನೆ. ಕಾಣದ ಕ್ರಿಮಿಗಳೇ ಅವನ ನಿದ್ದೆ ಕೆಡಿಸುವುದು. ನಾನಂತೂ ಹೋಟೆಲಿನಲ್ಲಿ ಲೋಟವನ್ನು ಎಡಗೈಯಲ್ಲಿ ಹಿಡಿದು ಕುಡಿಯುವವನು. ಎಲ್ಲರೂ ಬಲಗೈಯಲ್ಲಿ ಹಿಡಿಯುವುದರಿಂದ ಆ ಕಡೆಯ ಅಂಚಿಗೆ ಯಾರ ತುಟಿಯೂ ತಾಗಿರುವುದಿಲ್ಲ ಎಂಬ ಲೆಕ್ಕ. ಲೋಟ ದುಂಡಗಿರುತ್ತದೆ ಎಂದು ಹೆಂಡತಿ ವಿಮಲಾ ನೆನಪಿಸುವವರೆಗೂ ಲೆಕ್ಕ ಸರಿಯಾಗಿಯೇ ಇತ್ತು.

ಇಂಥವನ ಕೈಗೆ ನೇರಳಾತೀತ ಕಿರಣ ಬೀರುವ ದೀಪವೊಂದು ಸಿಕ್ಕಿತು. ಟಾರ್ಚಿನಷ್ಟು ಉದ್ದ. ಆ ಕಿರಣ ಬ್ಯಾಕ್ಟೀರಿಯಾದ ಒಡಲಲ್ಲಿರುವ ವಂಶದ ಎಳೆಯನ್ನೇ ಹಾಳುಮಾಡುತ್ತದಂತೆ. ಆಮೇಲೆ ಅದು ಒಂದು ಹೋಗಿ ಎರಡಾಗಲಾರದು. ಆದರೆ ಬೆಳಕು ನೇರವಾಗಿ ಬಿದ್ದಲ್ಲಿ ಮಾತ್ರ ಈ ಪ್ರತಾಪ. ಎಲೆಯ ಮರೆಯಲ್ಲಿ ಕೂತವು ಕ್ಷೇಮ. ಹಾಗಾಗಿ ದಿನಾ ಬೆಳಿಗ್ಗೆ ಕಪ್ಪು ಕನ್ನಡಕ, ಕೈಗವಸು ಹಾಕಿಕೊಂಡು ಜಗಲಿಯ ಮೇಲೆ ಕೂತು, ದಂಟಿನ ಸೊಪ್ಪಿನ ಒಂದೊಂದು ಎಲೆಯನ್ನೂ ಮಗುಚಿ ದೀಪ ಆಡಿಸತೊಡಗಿದೆ. ನಮ್ಮ ಅಗ್ರಹಾರದ ಬೀದಿಯೋ, ಎದುರುಮನೆಯಲ್ಲಿ ಒಗ್ಗರಣೆ ಹಾಕಿದರೆ ಸೀನು ನಮಗೆ ಬರುವಷ್ಟು ಇಕ್ಕಟ್ಟು. ಎಲ್ಲರೂ ನೋಡಿದರು. ಯಾರೂ ಏನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಎದುರುಮನೆಯ ಗೌರಮ್ಮ ಪುಟ್ಟ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ಮಗು ಒಂದೇ ಸಮನೆ ಅಳುತ್ತಿತ್ತು.

"ನೆನ್ನೆಯಿಂದ ಹಿಂಗೇ ಅಳ್ತಾವ್ಳೆ, ಹಾಲೂ ಮುಟ್ತಿಲ್ಲ. ನಿಮ್ಮ ಆ ದೀಪ್ದಲ್ಲಿ ಒಂದ್ಸಲ ನಿವಾಳಿಸ್ಬುಡಿ ಸ್ವಾಮಿ," ಎಂದರು.

ನಾನು ಸೊಪ್ಪಿಗೆ ದೃಷ್ಟಿ ತೆಗೆಯುತ್ತಿದ್ದೇನೆ ಎಂದೇ ಬೀದಿ ತಿಳಿದಿತ್ತು. ಗಾಬರಿಯಿಂದ ದೀಪವನ್ನು ಬೆನ್ನ ಹಿಂದೆ ಬಚ್ಚಿಟ್ಟೆ. "ಬೇಡಿ ಗೌರಮ್ಮ, ಇದು ಮಗು ಕಣ್ಣಿಗೆ, ಚರ್ಮಕ್ಕೆ ಕೆಟ್ಟದ್ದು."

"ಸೊಪ್ಪಿಗಾದ್ರೆ ಮಾಡ್ತೀರ, ನಮ್ಮ ಮಗೂಗೆ ಆಗಲ್ವಾ?" ಅವರ ಕಣ್ಣು ತುಂಬಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಇಷ್ಟು ವರ್ಷದ ನೆರೆಹೊರೆ ಒಂದು ದೀಪದಿಂದ ಮುರಿಯಿತಲ್ಲ ಎಂದು ಕೂತಲ್ಲೇ ಕುಗ್ಗಿಹೋದೆ.

ವಿಮಲಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಎದುರುಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಅವಳು ಮಗುವಿಗೆ ನಿವಾಳಿಸಿ ಎಲ್ಲವನ್ನೂ ಬಚ್ಚಲೊಲೆಗೆ ಹಾಕಿ, "ದೃಷ್ಟಿ ಹೋಯ್ತು ಕಣ್ರೀ ಗೌರಮ್ಮ. ಈಗ ಡಾಕ್ಟ್ರ ಹತ್ರ ಹೋಗೋಣ, ನಮ್ಮೋರು ಆಟೋ ತರ್ತಾರೆ," ಎಂದಳು. ನಾನು ಆಟೋ ತಂದೆ.

ಡಾಕ್ಟರು ಮಗುವಿನ ಕಿವಿಯೊಳಗೆ ಇಣುಕಿದರು. "ಒಳಗೆ ಸೋಂಕಾಗಿದೆ. ಬ್ಯಾಕ್ಟೀರಿಯಾ," ಎಂದು ಔಷಧಿ ಬರೆದರು. ಇಡೀ ಬೀದಿಯ ಸೊಪ್ಪನ್ನು ಬೆಳಗಿದರೂ ನನ್ನ ದೀಪ ಮುಟ್ಟಲಾಗದ ಜಾಗದಲ್ಲಿ ಅವು ಬಿಡಾರ ಹೂಡಿದ್ದವು. ವಾರ ಕಳೆಯುವುದರೊಳಗೆ ಮಗು ನಮ್ಮ ಜಗಲಿಯ ಮೇಲೆ ಕುಣಿಯುತ್ತಿತ್ತು.

ಗೌರಮ್ಮ ಔಷಧಿಯ ಸುದ್ದಿಯನ್ನೇ ಎತ್ತಲಿಲ್ಲ. "ವಿಮಲಮ್ಮನ ಕೈಗುಣ ಕಣ್ರೀ," ಎಂದು ಬೀದಿಗೆಲ್ಲ ಹೇಳಿದರು. ಈಗ ಸಂಜೆಯಾದರೆ ಮಕ್ಕಳನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬರುವವರಿಗೆ ಕೊರತೆಯಿಲ್ಲ. ವಿಮಲಾ ನಿವಾಳಿಸುತ್ತಾಳೆ, ಹಣೆ ಮುಟ್ಟಿ ನೋಡುತ್ತಾಳೆ, ಬಿಸಿಯಿದ್ದರೆ ಡಾಕ್ಟರ ಬಳಿ ಅಟ್ಟುತ್ತಾಳೆ. ಆಟೋ ತರುವುದು ನನ್ನ ಇಲಾಖೆ.

ಮೊನ್ನೆ ನನಗೇ ಹೊಟ್ಟೆ ಕೆಟ್ಟಿತು. ಮಾತ್ರೆ ನುಂಗಿ ಮಲಗಿದ್ದಾಗ ವಿಮಲಾ ಉಪ್ಪು, ಮೆಣಸಿನಕಾಯಿ ಹಿಡಿದು ಬಂದು ನಿಂತಳು. ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳೋಣವೆಂದುಕೊಂಡೆ.

"ಪೂರ್ವಕ್ಕೆ ತಿರುಗಿ ಕೂತ್ಕೊಳ್ರಿ," ಎಂದಳು.

ಕೂತೆ. ಬೀದಿಬಾಗಿಲು ಹಾಕಿ ಬಾ ಎಂದಷ್ಟೇ ಕೇಳಿಕೊಂಡೆ.