ಮೊದಲು ‘ಫ್ರಮ್’ ನೋಡಿ

ನಿಯಮ ಒಂದೇ ಸಾಲಿನದು: ಕಂಪನಿಯ ಇಮೇಲ್ ಕಂಪನಿಯ ವಿಳಾಸದಿಂದ ಮಾತ್ರ ಹೋಗಬೇಕು. ಬರೆದವನು ನಾನು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಎಸಿ ಕೊಳವೆ ಶುಚಿ ಮಾಡುವ, ಫಿಲ್ಟರ್ ಮಾರುವ ಸಣ್ಣ ಕಂಪನಿಯೊಂದಕ್ಕೆ ಆಫೀಸ್ ಮ್ಯಾನೇಜರ್. ನಾನು ಓದಿದ ಕಾನ್ವೆಂಟಿನಲ್ಲಿ ಪತ್ರಲೇಖನದ ವಿಳಾಸ ತಪ್ಪಿದರೆ ಟೀಚರು ಉಳಿದದ್ದನ್ನು ಓದುತ್ತಲೇ ಇರಲಿಲ್ಲ. ನನಗೂ ಅದೇ ಅಭ್ಯಾಸ. ಆದರೂ ನಮ್ಮಲ್ಲಿ ವಿಳಾಸ ತಪ್ಪುತ್ತಲೇ ಇರುತ್ತದೆ.

ಮೂಲ ಕಾರಣ ಮಾಲೀಕರು. ಉಡುಪಿ ಕಡೆಯ ಬ್ಯಾರಿ ಮನೆತನದವರು, ಒಳ್ಳೆಯ ವ್ಯಾಪಾರಿ. ಕಂಪನಿ ಹೆಸರಿನ ಡೊಮೈನ್ ಕೊಂಡರು. ಆದರೆ ಒಬ್ಬೊಬ್ಬರಿಗೂ ಬೇರೆ ಇನ್‌ಬಾಕ್ಸ್ ಕೊಡಿಸಲು ಒಪ್ಪಲಿಲ್ಲ. “ಎಲ್ಲರ ಹತ್ರ ಸ್ವಂತದ್ದು ಉಂಟಲ್ಲ ಮಾರಾಯ್ರೆ, ಕಂಪನಿ ಮೇಲ್ ಅದರಲ್ಲೇ ಬಂದು ಬೀಳಲಿ” ಎಂದರು. ಬಿತ್ತು. ಈಗ ಉತ್ತರ ಬರೆಯಲು ಹೊರಟರೆ ಮೇಲಿನ ‘ಫ್ರಮ್’ ಸಾಲಿನಲ್ಲಿ ಎರಡು ವಿಳಾಸ ಇರುತ್ತವೆ, ಒಂದು ಸ್ವಂತದ್ದು, ಒಂದು ಕಂಪನಿಯದು. ಸರಿಯಾದದ್ದನ್ನು ಆರಿಸಿ ಒತ್ತಬೇಕು. ಅಷ್ಟೇ ಕೆಲಸ.

ಈ ಏರ್ಪಾಡಿಗೆ ಒಪ್ಪದವರು ಒಬ್ಬರೇ, ಕೊಟೇಶನ್ ನೋಡಿಕೊಳ್ಳುವ ಮಂಗಳೂರಿನ ಮೇಡಂ. “ನನ್ನ ಮನೆ ಡಬ್ಬಿಯಲ್ಲಿ ಆಫೀಸಿನ ಕಾಗದ ಬೇಡ ಸರ್” ಎಂದು ಮೂರು ವಾರ ಹಟ ಹಿಡಿದರು. ಕೊನೆಗೆ ಮಾಲೀಕರು ಗೊಣಗುತ್ತ ಅವರೊಬ್ಬರಿಗೆ ಪ್ರತ್ಯೇಕ ಇನ್‌ಬಾಕ್ಸ್ ಕೊಡಿಸಿದರು.

ಹುಲಿಯ ಗೇಟ್ ಪಾಸ್

ನಮ್ಮ ದೊಡ್ಡ ಗಿರಾಕಿ ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆ. ಅಲ್ಲಿಗೆ ಕೊಳವೆ ಪರೀಕ್ಷೆಗೆ ಬರುತ್ತೇನೆಂದು ನಮ್ಮ ಸೇಲ್ಸ್ ಎಂಜಿನಿಯರ್ ಮೇಲ್ ಕಳಿಸಿದರು. ಇವರು ಧಾರವಾಡದವರು. ‘ಫ್ರಮ್’ ನೋಡಲಿಲ್ಲ. ಮೇಲ್ ಹೋದದ್ದು ಸ್ವಂತ ವಿಳಾಸದಿಂದ, ಅದಕ್ಕೆ ಕಾಲೇಜಿನಲ್ಲಿ ಇಟ್ಟುಕೊಂಡಿದ್ದ ‘ಧಾರವಾಡ ಹುಲಿ’ ಎಂಬ ಹೆಸರಿನಲ್ಲಿ.

ಶಾಲೆಯ ಖರೀದಿ ಅಧಿಕಾರಿ ಶಿಸ್ತಿನ ಮನುಷ್ಯ. “ಡಿಯರ್ ಮಿಸ್ಟರ್ ಹುಲಿ, ತಮ್ಮ ಹೆಸರಿನಲ್ಲಿ ಗೇಟ್ ಪಾಸ್ ಸಿದ್ಧವಿದೆ” ಎಂದು ಉತ್ತರ ಬರೆದರು.

ಸಂಜೆ ಎಂಜಿನಿಯರ್ ಬಿಸಿಲಿಗೆ ಕೆಂಪಾಗಿ ವಾಪಸಾದರು.

“ಕೆಲಸ ಆಯ್ತೇ?” ಎಂದೆ.

“ಎಲ್ಲೀದು ಸರ್. ಐಡಿ ಕಾರ್ಡ್ ತೋರಿಸಿದೆ, ಸೆಕ್ಯೂರಿಟಿಯಂವ ಒಪ್ಪಲಿಲ್ಲ. ಎರಡು ತಾಸು ಗೇಟಿನ ಮುಂದ ನಿಂತೆ.”

“ಏನೆಂದ?”

“ಹುಲಿ ಬಂದ ಮ್ಯಾಲೆ ಅವರ ಜೋಡಿ ಒಳಗ ಹೋಗು ಅಂದ್ರಿ.”

ಮಾರಿದ ಸರಕು

ಮಾಲೀಕರದು ಇದರ ತಿರುಗುಮುರುಗು: ಮನೆಯ ಪತ್ರ ಕಂಪನಿ ವಿಳಾಸದಿಂದ. ಮಗಳ ಮದುವೆಯ ಮಾತುಕತೆ ಶಾರ್ಜಾದ ಒಂದು ಮನೆಯ ಜೊತೆ ನಡೆದಿತ್ತು. ಹುಡುಗನ ತಂದೆಗೆ ಬಹಳ ಯೋಚಿಸಿ, ಎರಡು ದಿನ ತಿದ್ದಿ, ಒಪ್ಪಿಗೆಯ ಮೇಲ್ ಬರೆದರು. “ನಮ್ಮ ಮಗಳನ್ನು ನಿಮ್ಮ ಮನೆಗೆ ಕೊಡಲು ಸಂತೋಷ” ಎಂದಿತ್ತು. ಕಂಪನಿ ವಿಳಾಸದಿಂದ ಹೋಗುವ ಎಲ್ಲ ಮೇಲ್‌ಗಳ ಅಡಿಗೆ ತಾನಾಗಿ ಅಂಟಿಕೊಳ್ಳುವ ಎರಡು ಸಾಲು ಇವೆ. ಅವೂ ಅಂಟಿಕೊಂಡವು: “ಈ ಪ್ರಸ್ತಾವ ಮೂವತ್ತು ದಿನ ಮಾತ್ರ ಊರ್ಜಿತ. ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ.”

ಮಗಳು ಓದಿ, ವಾರಂಟಿ ಎಷ್ಟು ವರ್ಷ ಎಂದು ಅಪ್ಪನನ್ನು ಇಂಗ್ಲಿಷಿನಲ್ಲೇ ಕೇಳಿದಳಂತೆ. ಮಾಲೀಕರು ಇಡೀ ದಿನ ಚಹಾ ಮುಟ್ಟಲಿಲ್ಲ. ಸಂಜೆ ಹುಡುಗನ ತಂದೆಯ ಉತ್ತರ ಬಂತು. ಅವರೂ ವ್ಯಾಪಾರಿ.

“ಎರಡನೆಯ ಷರತ್ತು ಒಪ್ಪಿಗೆ. ಮೊದಲನೆಯದನ್ನು ಈದ್ ವರೆಗೆ ವಿಸ್ತರಿಸಬೇಕು. ಹಾಲ್ ಸಿಕ್ಕಿಲ್ಲ.”

ಸುತ್ತೋಲೆ

ಇನ್ನು ಸಹಿಸುವುದಿಲ್ಲ ಎಂದು ಎಲ್ಲರಿಗೂ ಸುತ್ತೋಲೆ ಕಳಿಸಿದೆ. ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಸ್ವಂತ ವಿಳಾಸದಿಂದ ಬಂದ ಯಾವ ಕಾಗದವನ್ನೂ ಯಾರೂ ಮುಂದಕ್ಕೆ ಕಳಿಸಬಾರದು, ಪಾಸ್‌ವರ್ಡನ್ನು ಯಾರಿಗೂ ಕೊಡಬಾರದು ಎಂದೂ ಸೇರಿಸಿದ್ದೆ.

ಹತ್ತು ನಿಮಿಷದಲ್ಲಿ ಹೊರಗೆ ನಗು ಕೇಳಿಸಿತು. ಸುತ್ತೋಲೆ ಹೋದದ್ದು ನನ್ನ ಸ್ವಂತ ವಿಳಾಸದಿಂದ. ಹೆಸರಿನ ಪಕ್ಕ ಮಗಳು ಎಂದೋ ಹಾಕಿದ್ದ ಚಿತ್ರ: ಮರಳುಗಾಡಿನಲ್ಲಿ ನಾನು, ನನ್ನ ಟೋಪಿ ಒಂಟೆಯ ಬಾಯಲ್ಲಿ.

ಎಂಜಿನಿಯರ್ ಬಾಗಿಲಲ್ಲಿ ತಲೆ ಹಾಕಿ, “ಸರ್, ಈ ರೂಲ್ ನಿಮ್ದೋ, ಒಂಟೀದೋ?” ಎಂದರು.

ಮೇಡಂ ಮಾತ್ರ ನಗಲಿಲ್ಲ. ಸುತ್ತೋಲೆಯನ್ನು ಪೂರ್ತಿ ಓದಿ ಇಟ್ಟುಕೊಂಡರು.

ಎರಡು ಗಂಟೆಯೊಳಗೆ

ಖಲೀಫಾ ಸಿಟಿಯ ಶಾಲೆಯ ಒಪ್ಪಂದ ನವೀಕರಣಕ್ಕೆ ಬಂತು. ಅದನ್ನೇ ನಂಬಿ ನಮ್ಮ ಎಂಟು ಕೆಲಸಗಾರರು ಅಬುಧಾಬಿಯಲ್ಲಿದ್ದರು. ಒಪ್ಪಂದ ಹೋದರೆ ಅವರ ವೀಸಾ ರದ್ದು, ಎಲ್ಲರೂ ಊರಿಗೆ. ಕೊಟೇಶನ್ ಮಧ್ಯಾಹ್ನ ಎರಡರೊಳಗೆ ಕಂಪನಿ ವಿಳಾಸದಿಂದಲೇ ತಲುಪಬೇಕೆಂದು ಶಾಲೆಯವರ ಷರತ್ತು.

ಮೇಡಂ ಅಂದು ರಜೆ. ಎಂಜಿನಿಯರ್ ಒಂದು ಗಂಟೆಗೆ, ‘ಫ್ರಮ್’ ಸಾಲನ್ನು ನನಗೆ ತೋರಿಸಿಯೇ, ಕಳಿಸಿದರು. ತಿರುಗಿ ಬಂತು. ಮಾಲೀಕರು ಕಳಿಸಿದರು, ತಿರುಗಿ ಬಂತು. ನಾನು ಕಳಿಸಿದೆ, ಅದೂ ಬಂತು. ಶಾಲೆಯವರು ಹೊಸದಾಗಿ ಕಾವಲು ಬಿಗಿ ಮಾಡಿದ್ದರು: ಕಂಪನಿಯ ಹೆಸರು ಹೇಳಿಕೊಂಡು ಸ್ವಂತ ಇನ್‌ಬಾಕ್ಸಿನ ದಾರಿಯಿಂದ ಬಂದ ಮೇಲ್ ಒಳಗೆ ಬಿಡುತ್ತಿರಲಿಲ್ಲ. ನಿಜವಾದ ಕಂಪನಿ ಇನ್‌ಬಾಕ್ಸ್ ಇದ್ದದ್ದು ಮೇಡಂ ಒಬ್ಬರದೇ.

ಒಂದೂವರೆಗೆ ಮಾಲೀಕರು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಮೇಡಂ ದುಬೈನ ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ, ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗಿನಲ್ಲಿದ್ದರು.

“ಮಗಳೇ, ಪಾಸ್‌ವರ್ಡ್ ಹೇಳು. ನಾವೇ ಕಳಿಸ್ತೇವೆ, ಖಲಾಸ್.”

“ಅದು ಕೊಡ್ಲಿಕ್ಕೆ ಆಗುದಿಲ್ಲ ಸರ್.”

“ನಾನು ಮಾಲೀಕ ಅಲ್ವಾ?”

“ಯಾರಿಗೂ ಕೊಡಬಾರದು ಅಂತ ಸುತ್ತೋಲೆಯಲ್ಲಿ ಬರೆದದ್ದುಂಟು ಸರ್. ಫೈಲ್ ಕಳಿಸಿ, ನಾನು ಫೋನಿಂದಲೇ ಅವರಿಗೆ ಕಳಿಸ್ತೇನೆ.”

ಒಂದು ನಲವತ್ತೊಂದಕ್ಕೆ ಫೈಲ್ ಕಳಿಸಿದೆ. ಮಾಲೀಕರು ಬೆನ್ನ ಹಿಂದೆ ನಿಂತು ಎಂಟು ಜನರ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದರು. ನಲವತ್ತೇಳಕ್ಕೆ ಮೇಡಂ ಅವರಿಂದ ಮೇಲ್ ಬಂತು. ಕೆಲಸವಾಯಿತೆಂದು ಮೂವರೂ ಪರದೆಗೆ ಬಾಗಿದೆವು.

“ಸರ್, ಫೈಲ್ ಸ್ವಂತ ವಿಳಾಸದಿಂದ ಬಂದಿದೆ. ಮುಂದಕ್ಕೆ ಕಳಿಸುವ ಹಾಗಿಲ್ಲ. ಕಂಪನಿ ವಿಳಾಸದಿಂದ ಕಳಿಸಿ. ನಿಯಮ ಲಗತ್ತಿಸಿದ್ದೇನೆ.”

ಲಗತ್ತನ್ನು ತೆರೆದೆ. ನನ್ನದೇ ಸುತ್ತೋಲೆ. ಟೋಪಿ ಇನ್ನೂ ಒಂಟೆಯ ಬಾಯಲ್ಲೇ ಇತ್ತು.

“ಒಂಟಿ ವಾಪಸ್ ಬಂತ್ರಿ” ಎಂದರು ಎಂಜಿನಿಯರ್.

‘ಫ್ರಮ್’ ಸಾಲನ್ನು ಮೂರು ಸಲ ನೋಡಿ, ಬೆರಳಿಟ್ಟು ಓದಿ, ಮತ್ತೆ ಕಳಿಸಿದೆ. ಒಂದು ಐವತ್ತಾರಕ್ಕೆ ಮೇಡಂ ಕೊಟೇಶನ್ ಕಳಿಸಿದರು. ಶಾಲೆಯ ಸ್ವೀಕೃತಿ ತಕ್ಷಣ ಬಂತು. ಆ ಎಂಟು ಜನ ಈಗಲೂ ಅದೇ ಶಾಲೆಯಲ್ಲಿ ಕೊಳವೆ ಉಜ್ಜುತ್ತಿದ್ದಾರೆ.

ಮಾಲೀಕರು ಕುರ್ಚಿಗೆ ಕುಸಿದು ಮತ್ತೆ ಫೋನ್ ಮಾಡಿದರು. “ಒಂದು ಮಾತು ಹೇಳು ಮಗಳೇ. ಎರಡೇ ನಿಮಿಷ ಉಳಿದಿದ್ರೂ ವಾಪಸ್ ಕಳಿಸ್ತಿದ್ದೆಯಾ?”

“ಕಳಿಸ್ತಿದ್ದೆ ಸರ್” ಎಂದು ಮೇಡಂ ಫೋನ್ ಇಟ್ಟರು. ಅಲ್ಲಿ ಟೀಚರು ಕಾಯುತ್ತಿದ್ದರಂತೆ.